ಥ್ಯಾಚರ್ ಮತ್ತು ಪಕ್ಕದ ಮನೆಯ ಬಾಗಿಲು

2013ರ ಏಪ್ರಿಲ್ 8, ಸೋಮವಾರ. ನಾವು ಇಂಗ್ಲೆಂಡಿನ ಈಶಾನ್ಯ ಮೂಲೆಗೆ, ಡರ್ಹಾಮ್ ಕೌಂಟಿಯ ಕಡಲ ಕಡೆಯ ಒಂದು ಹಳ್ಳಿಗೆ ಬಂದು ಆರು ತಿಂಗಳಾಗಿತ್ತು. ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡರು ಅಂತ ಮಧ್ಯಾಹ್ನ ಟೀವಿಯಲ್ಲಿ ಬಂತು. ಸ್ಟ್ರೋಕ್ ಅಂತೆ, 87 ವರ್ಷ. ಪಕ್ಕದ ಮನೆಯ ತಾತ ಹಿತ್ತಲಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ಬೇಲಿ ಪಕ್ಕ ನಿಂತು ಸುದ್ದಿ ಹೇಳಿದೆ. ಸುಮ್ನೆ ಇರಲಾರದೆ "ಪಾಪ" ಅನ್ನೋ ಅರ್ಥದ ಒಂದು ಮಾತನ್ನೂ ಸೇರಿಸಿದೆ.

ತಾತ ಕಾಳಿನ ಡಬ್ಬಿ ಕೆಳಗಿಟ್ಟರು. ಒಳಗೆ ಹೋಗಿ ಎರಡು ಕ್ಯಾನ್ ಬಿಯರ್ ತಂದರು. ಒಂದನ್ನು ಬೇಲಿ ಕಂಬದ ಮೇಲಿಟ್ಟು "ಇದು ನಿನ್ನ ಗಂಡನಿಗೆ" ಅಂದರು. ಇನ್ನೊಂದನ್ನು ಅಲ್ಲೇ ಒಡೆದು ಕುಡಿದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ಕೇಳಿಕೊಂಡೇ ಬೆಳೆದವಳು ನಾನು. ಬೈಯೋದಿದ್ದರೂ ಹದಿಮೂರು ದಿನ ಕಳೆಯಲಿ ಅಂತ ಕಾಯೋರು ನಾವು. ಇಲ್ಲಿ ಹದಿಮೂರು ನಿಮಿಷವೂ ಆಗಿರಲಿಲ್ಲ.

ಮುಂದಿನ ಹತ್ತು ದಿನ ಇಡೀ ದೇಶ ಹಾಗೇ ಎರಡು ಹೋಳಾಗಿತ್ತು. ಮಾಟಗಾತಿ ಸತ್ತಳು ಅಂತ ಕುಣಿಯೋ ಹಾಡೊಂದಿದೆ, 1939ರ ಸಿನಿಮಾದ್ದು. ಜನ ಬೇಕಂತಲೇ ಅದನ್ನು ಕೊಂಡು ಕೊಂಡು ಆ ವಾರ ಹೆಚ್ಚು ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿಸಿದರು. ಪಟ್ಟಿಯ ಹಾಡುಗಳನ್ನು ಹಾಕಲೇಬೇಕಾದ ಬಿಬಿಸಿ ರೇಡಿಯೋ ಕೆಲವೇ ಸೆಕೆಂಡಿನ ತುಣುಕು ಹಾಕಿ ಕೈತೊಳೆದುಕೊಂಡಿತು. ಪಾರ್ಲಿಮೆಂಟಿನಲ್ಲಿ ಎಲ್ಲರೂ ಶ್ರದ್ಧಾಂಜಲಿ ಹೇಳುತ್ತಿದ್ದಾಗ, ನಟಿಯಾಗಿದ್ದು ಆಮೇಲೆ ಥ್ಯಾಚರ್‌ಗೆ ಎದುರಾಳಿಯಾದ ಲೇಬರ್ ಪಕ್ಷದ ಸಂಸದೆಯಾದ ಗ್ಲೆಂಡಾ ಜಾಕ್ಸನ್ ಎದ್ದು ನಿಂತು ಥ್ಯಾಚರ್ ಕಾಲದ ಹಾನಿಯನ್ನೆಲ್ಲ ಹೇಳಿಯೇ ಕೂತರು. ಏಪ್ರಿಲ್ 17ಕ್ಕೆ ಸೇಂಟ್ ಪಾಲ್ಸ್ ಕೆಥೀಡ್ರಲ್‌ನಲ್ಲಿ ಅಂತ್ಯಕ್ರಿಯೆ. ಖುದ್ದು ರಾಣಿಯೇ ಬಂದಿದ್ದರು. ಅದಕ್ಕೆ ಮುಂಚೆ ಅವರು ಹೋಗಿದ್ದ ಪ್ರಧಾನಿಯ ಅಂತ್ಯಕ್ರಿಯೆ ಅಂದರೆ 1965ರ ಚರ್ಚಿಲ್ ಅವರದ್ದೊಂದೇ. ಬಿಗ್ ಬೆನ್ ಗಡಿಯಾರದ ಗಂಟೆ ನಿಲ್ಲಿಸಿದ್ದರು. ಮೆರವಣಿಗೆ ಹೋದ ದಾರಿಯಲ್ಲಿ ಕೆಲವರು ಹೂ ಎಸೆದರು, ಕೆಲವರು ಬೆನ್ನು ತಿರುಗಿಸಿ ನಿಂತರು. ಅದೇ ದಿನ ನಮ್ಮ ಕಡೆ, ಈಸಿಂಗ್ಟನ್ ಕಲ್ಲಿದ್ದಲು ಗಣಿ ಕಾರ್ಮಿಕರ ಕ್ಲಬ್‌ನಲ್ಲಿ ಪಾರ್ಟಿ ನಡೀತು.

ತಾತ ಕೆಲಸ ಮಾಡಿದ್ದು ಆ ಈಸಿಂಗ್ಟನ್ ಗಣಿಯಲ್ಲೇ. 1951ರಲ್ಲಿ ಅಲ್ಲಿ ಸ್ಫೋಟ ಆಗಿ 83 ಜನ ಸತ್ತಿದ್ದರು. ಅಂಥ ಜಾಗಕ್ಕೆ ತಾತ ಹುಡುಗನಾಗಿದ್ದಾಗಲೇ ಇಳಿದವರು. ಥ್ಯಾಚರ್ ಕಾಲದಲ್ಲಿ ಗಣಿಗಳನ್ನು ಮುಚ್ಚೋದನ್ನು ವಿರೋಧಿಸಿ 1984ರ ಮಾರ್ಚಿನಿಂದ 85ರ ಮಾರ್ಚಿನವರೆಗೆ ನಡೆದ ಸ್ಟ್ರೈಕ್‌ನಲ್ಲಿ ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಸೋತು ವಾಪಸ್ ಹೋದರು. 1993ರಲ್ಲಿ ಗಣಿಯೇ ಮುಚ್ಚಿತು.

ಇಷ್ಟು ಕೇಳಿದರೆ ಕಥೆ ಸಲೀಸಾಗಿದೆ ಅನ್ನಿಸುತ್ತೆ, ಅಲ್ವಾ? ಈಗ ಬಾಗಿಲಿನ ವಿಷಯಕ್ಕೆ ಬರ್ತೀನಿ.

ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಒಂದು ಕಾಲದಲ್ಲಿ ಎಲ್ಲವೂ ಕೌನ್ಸಿಲ್ ಮನೆಗಳು, ಅಂದರೆ ಸ್ಥಳೀಯ ಸರ್ಕಾರ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಟ್ಟವು. ಬಾಗಿಲುಗಳಿಗೂ ಒಂದೇ ಬಣ್ಣ ಇತ್ತಂತೆ. ಥ್ಯಾಚರ್ ಸರ್ಕಾರ 1980ರಲ್ಲಿ ಒಂದು ಕಾಯ್ದೆ ತಂದಿತು. ಮೂರು ವರ್ಷ ಬಾಡಿಗೆಗೆ ಇದ್ದವರು ಆ ಮನೆಯನ್ನೇ ಕೊಳ್ಳಬಹುದು, ಬೆಲೆಯಲ್ಲಿ ಕಡಿಮೆಯೆಂದರೂ ಮೂರನೇ ಒಂದು ಭಾಗ ರಿಯಾಯಿತಿ. ಹಳೇ ಬಾಡಿಗೆದಾರರಿಗೆ ಅರ್ಧದವರೆಗೂ ಸಿಗುತ್ತಿತ್ತು. ಹತ್ತು ವರ್ಷದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಮನೆ ಹೀಗೆ ಮಾರಾಟ ಆದವು. ಕೊಂಡವರು ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಮುಂಬಾಗಿಲು ಬದಲಾಯಿಸೋದು. ಇದು ನಮ್ಮದು ಅಂತ ಬೀದಿಗೆ ತೋರಿಸಬೇಕಲ್ಲ.

ತಾತನ ಮನೆ ಬಾಗಿಲು ಕಡುಗೆಂಪು, ಹಿತ್ತಾಳೆಯ ಚಿಲಕ, ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಗಾಜಿನ ಕಿಂಡಿ. ಅಜ್ಜಿ ಪ್ರತಿ ಶುಕ್ರವಾರ ಆ ಚಿಲಕ ಉಜ್ಜುತ್ತಾರೆ. ಎಂದು ಹಾಕಿಸಿದ್ದು ಅಂತ ಒಮ್ಮೆ ಕೇಳಿದೆ. "1987, ಪೆಟ್" ಅಂದರು. (ಇಲ್ಲಿ ಪೆಟ್ ಅಂದರೆ ನಮ್ಮ "ಮಗಾ" ಇದ್ದ ಹಾಗೆ.) ಹಾಗಾದರೆ ಮನೆ ಕೊಂಡದ್ದು ಸ್ಟ್ರೈಕ್ ಮುಗಿದು ಎರಡು ವರ್ಷಕ್ಕೆ! ಅಜ್ಜಿ ದನಿ ತಗ್ಗಿಸಿ, "ಕಾಗದಕ್ಕೆ ಸಹಿ ಹಾಕಿ ಬಂದವರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ" ಅಂದರು.

ಮಗನ ಕಥೆಯೂ ಹಾಗೇ. ಗಣಿಗಳು ಮುಚ್ಚುತ್ತಿದ್ದ ಹೊತ್ತಲ್ಲೇ ಪಕ್ಕದ ಸಂಡರ್‌ಲ್ಯಾಂಡ್‌ಗೆ ನಿಸ್ಸಾನ್ ಕಾರು ಕಾರ್ಖಾನೆ ಬಂತು. ಜಪಾನಿನವರನ್ನು ಒಪ್ಪಿಸಿ ಕರೆತಂದವರು ಥ್ಯಾಚರ್, 1986ರ ಸೆಪ್ಟೆಂಬರಿನಲ್ಲಿ ಉದ್ಘಾಟನೆ ಮಾಡಿದ್ದೂ ಅವರೇ. ತಾತನ ಮಗ ಅಲ್ಲೇ ಕೆಲಸಕ್ಕೆ ಸೇರಿ ಸಂಸಾರ ನಡೆಸಿದ. ಅಲ್ಲಿ ಒಂದೇ ಯೂನಿಯನ್ನಿಗೆ ಜಾಗ ಅಂತ ತಾತನ ಗೊಣಗಾಟ ಇವತ್ತಿಗೂ ನಿಂತಿಲ್ಲ.



ನನಗೆ ಇದು ಬಿಡಿಸಲಾಗದ ಗಂಟು ಆಗಿತ್ತು. ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಥ್ಯಾಚರ್‌ಗಿಂತ ಮುಂಚೆ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಕಾಲದಲ್ಲಿ ಇನ್ನೂ ಜಾಸ್ತಿ ಗಣಿ ಮುಚ್ಚಿದವಂತಲ್ಲ? ವಿಲ್ಸನ್ ಸತ್ತಾಗ ಯಾರೂ ಬಿಯರ್ ಒಡೆಯಲಿಲ್ಲವಲ್ಲ?" ತಾತನಿಗೆ ಸಿಟ್ಟು ಬರಲಿಲ್ಲ. ಆಗ ಒಂದು ಗಣಿ ಮುಚ್ಚಿದರೆ ಇನ್ನೊಂದಕ್ಕೆ ಹೋಗಬಹುದಿತ್ತು ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಿಲ್ಸನ್ ನನ್ನನ್ನು ಶತ್ರು ಅನ್ನಲಿಲ್ಲ" ಅಂದರು.

1984ರ ಜುಲೈನಲ್ಲಿ ಥ್ಯಾಚರ್ ತಮ್ಮ ಪಕ್ಷದ ಸಂಸದರ ಎದುರು ಆಡಿದ ಮಾತು ಅದು. ಫಾಕ್‌ಲ್ಯಾಂಡ್ಸ್ ದ್ವೀಪಗಳಲ್ಲಿ (1982ರಲ್ಲಿ ಅರ್ಜೆಂಟೀನಾ ಜೊತೆ ಯುದ್ಧ ಆದದ್ದು ಅಲ್ಲೇ) ಹೊರಗಿನ ಶತ್ರುವಿನ ಜೊತೆ ಹೋರಾಡಿದೆವು, ಒಳಗಿನ ಶತ್ರು ಇನ್ನೂ ಅಪಾಯಕಾರಿ ಅಂದಿದ್ದರು. ಮಾತು ಹೊರಗೆ ಬಂತು. ಗಣಿ ಹೋಯಿತು, ಮನೆ ಬಂತು, ಮಗನಿಗೆ ಕೆಲಸ ಬಂತು. ಮಾತು ಮಾತ್ರ ಹಾಗೇ ಉಳಿಯಿತು. ನಮ್ಮಲ್ಲಿ ಮಾತು ಆಡಿದರೆ ಹೋಯಿತು ಅನ್ನೋದು ಇದಕ್ಕೇ ಇರಬೇಕು.

ಇನ್ನೊಂದಿದೆ. ಸತ್ತ ಮೇಲೆ ಲೆಕ್ಕ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆಗ ಇಲ್ಲಿ ಸರ್ಕಾರಿ ಕಡತಗಳು ಸುಮಾರು ಮೂವತ್ತು ವರ್ಷದ ಮೇಲೆ ತೆರೆದುಕೊಳ್ಳುತ್ತಿದ್ದವು. ಥ್ಯಾಚರ್ ಸತ್ತು ವರ್ಷವೂ ತುಂಬಿರಲಿಲ್ಲ, 2014ರ ಜನವರಿಯಲ್ಲಿ ಆ ಸ್ಟ್ರೈಕ್ ಕಾಲದ ಕಡತಗಳು ಹೊರಬಂದವು. ಸ್ಟ್ರೈಕ್ ಹೊತ್ತಲ್ಲಿ ಹೊರಗೆ ಹೇಳಿದ್ದು 20 ಗಣಿ ಮುಚ್ಚುತ್ತೇವೆ ಅಂತ. 70ಕ್ಕೂ ಜಾಸ್ತಿ ಮುಚ್ಚುತ್ತಾರೆ ಅಂತ ಕಾರ್ಮಿಕ ನಾಯಕ ಆರ್ಥರ್ ಸ್ಕಾರ್ಗಿಲ್ ಕೂಗಿದಾಗ ಅದೆಲ್ಲ ಸುಳ್ಳು ಅಂದಿದ್ದರು. ಕಡತದಲ್ಲಿದ್ದ ಸಂಖ್ಯೆ 75. ತಾತ ಆ ಪೇಪರ್ ಹಾಳೆಯನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದರು. ಈಗ ಹಳದಿಯಾಗಿದೆ.

ನಾನೇನೂ ದೊಡ್ಡ ನ್ಯಾಯಾಧೀಶೆ ಅಲ್ಲ. ಅವತ್ತಿನ ಆ ಕುಣಿತ ನನಗೆ ಈಗಲೂ ಹಿಡಿಸಲ್ಲ. ಕೊನೆಗಾಲದಲ್ಲಿ ಮರೆವಿನ ಕಾಯಿಲೆಯಲ್ಲಿದ್ದ ಮುದುಕಿ ಸತ್ತದ್ದಕ್ಕೆ ಕೇಕೆ ಹಾಕೋದು ಚೆಂದವಲ್ಲ. ಆದರೆ ಚರ್ಚಿಲ್ ವಿಷಯ ಬಂದಾಗ ನಾನೇ ಸಿಕ್ಕಿಬಿದ್ದೆ. 2002ರಲ್ಲಿ ಬಿಬಿಸಿ ಜನರ ಮತ ಕೇಳಿದಾಗ ಅತಿ ಶ್ರೇಷ್ಠ ಬ್ರಿಟಿಷ್ ವ್ಯಕ್ತಿ ಅಂತ ಆರಿಸಿದ್ದು ಅವರನ್ನೇ. ನಾನು ತಟ್ಟನೆ ಚರ್ಚಿಲ್ ಪ್ರಧಾನಿಯಾಗಿದ್ದಾಗಿನ 1943ರ ಬಂಗಾಳದ ಬರ ಅಂದೆ, ಲಕ್ಷಾಂತರ ಜನ ಹಸಿವಿಂದ ಸತ್ತದ್ದನ್ನು ಹೇಳಿದೆ. ತಾತ ತಲೆಯಾಡಿಸಿ "ಟೋನಿಪ್ಯಾಂಡಿ" ಅಂದರು. 1910ರಲ್ಲಿ ವೇಲ್ಸ್‌ನ ಆ ಊರಲ್ಲಿ ಗಣಿ ಕಾರ್ಮಿಕರ ಗಲಾಟೆಯಾದಾಗ, ಗೃಹಮಂತ್ರಿಯಾಗಿದ್ದ ಚರ್ಚಿಲ್ ಸೈನ್ಯ ಕಳಿಸಿದ್ದರು. ಹಿಟ್ಲರನನ್ನು ತಡೆದದ್ದು ಅಜ್ಜಿಗೆ ಮಾತ್ರ ನೆನಪಾಯಿತು. ಮೂವರೂ ಟೀ ಕುಡಿದೆವು.

ಹೇಳೋದು ಮರೆತೆ. ನಾವು ಬಾಡಿಗೆಗಿರುವ ಮನೆಯೂ ಅದೇ ಕಾಯ್ದೆಯಲ್ಲಿ ಮಾರಾಟವಾದದ್ದು. ಕೊಂಡವರು ಲಾಭಕ್ಕೆ ಮಾರಿದರು, ಈಗಿನ ಯಜಮಾನ ಎಲ್ಲೋ ದೂರದಲ್ಲಿದ್ದಾನೆ. ಕೌನ್ಸಿಲ್ ಮನೆಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಾರೆ. ತಿಂಗಳ ಮೊದಲ ತಾರೀಕು ಬಾಡಿಗೆ ಕಟ್ಟುವಾಗ ನನಗೂ ಥ್ಯಾಚರ್ ನೆನಪಾಗುತ್ತಾರೆ.

ಮೊನ್ನೆ ಲಂಡನ್‌ಗೆ ಹೋಗುವಾಗ ದಾರಿಯಲ್ಲಿ ಗ್ರಾಂಥಮ್‌ನಲ್ಲಿ ಇಳಿದೆವು. ಥ್ಯಾಚರ್ ಹುಟ್ಟಿದ ಊರು, ಅವರ ಅಪ್ಪನ ದಿನಸಿ ಅಂಗಡಿ ಇದ್ದದ್ದು ಅಲ್ಲೇ. 2022ರ ಮೇ ತಿಂಗಳಲ್ಲಿ ಅಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದರು. ಲಂಡನ್ನಿನ ಪಾರ್ಲಿಮೆಂಟ್ ಚೌಕಕ್ಕೆ ಅಂತ ಮಾಡಿಸಿದ್ದು, ಗಲಾಟೆಯಾದೀತು ಅಂತ ಅಲ್ಲಿ ಬೇಡವಾಯಿತು. ಗ್ರಾಂಥಮ್‌ನಲ್ಲೂ ನಿಲ್ಲಿಸಿ ಎರಡು ಗಂಟೆಯೊಳಗೆ ಮೊಟ್ಟೆ ಬಿತ್ತು. ಕಲ್ಲಿನ ಪೀಠವೇ ಹತ್ತು ಅಡಿ. ಫೋಟೋ ತೆಗೆಯೋಕೆ ಕತ್ತು ನೋಯುತ್ತೆ.

ಬಂದು ತಾತನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ಚಿತ್ರ ದೊಡ್ಡದು ಮಾಡಿ, ತಲೆಯ ಹತ್ತಿರ ತುಂಬಾ ಹೊತ್ತು ನೋಡಿದರು.

"ಪಾರಿವಾಳ ಕೂರುತ್ತಾ ಅಲ್ಲಿ?"

ಗಮನಿಸಲಿಲ್ಲ ಅಂದೆ.

"ಮುಂದಿನ ಸಲ ಸರಿಯಾಗಿ ನೋಡು" ಅಂದರು.