ಪರ್ಚೇಸ್ ಮಾಡಾಕೂ ಕೋರ್ಸ್ ಬೇಕೇನ್ರಿ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಚಹಾದಂಗಡಿಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಯಾರದೋ ಕಡೆಯಿಂದ ನಂಬರ್ ತೆಗೆದುಕೊಂಡು ವಾಟ್ಸಾಪಿನಲ್ಲೂ ಕೇಳುತ್ತಾರೆ. "ಸರ್, ಅದೇನೋ ಸುಸ್ಥಿರ ಖರೀದಿ, ಸಪ್ಲೈ ಚೈನ್ ಅಂತ ಟ್ರೇನಿಂಗ್ ಮಾಡೀರಂತ. ಪರ್ಚೇಸ್ ಅಂದ್ರ ರೇಟ್ ಇಳಿಸೂದು. ಅದಕ್ಕೂ ಕೋರ್ಸ್ ಬೇಕೇನ್ರಿ? ಮಾಡಿದ್ರ ಏನರ ಸಿಗತೈತೇನು?"

ಪ್ರಮೋಶನ್ ಸಿಗತೈತೇನು ಅಂತ ಕೇಳುತ್ತಿದ್ದರೆ, ಇಲ್ಲ. ನಾನು ಕೋರ್ಸ್ ಮುಗಿಸಿ ಮೂರು ವರ್ಷವಾಯಿತು, ನನ್ನ ಟೇಬಲ್ ಇನ್ನೂ ಸ್ಟೋರ್ಸ್ ಕಿಟಕಿಯ ಪಕ್ಕದಲ್ಲೇ ಇದೆ. ಸುಸ್ಥಿರ ಖರೀದಿ ಅಂದರೆ ದರದ ಜೊತೆಗೆ ಪರಿಸರ, ಕೆಲಸಗಾರರನ್ನೂ ಲೆಕ್ಕಕ್ಕೆ ಹಿಡಿದು ಕೊಳ್ಳುವುದು. ಉಳಿದದ್ದನ್ನು ಚಹಾ ಆರುವುದರೊಳಗೆ ಹೇಳಿ ಮುಗಿಸಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಬೆಳಗಾವಿಯ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲಿ. ಪಂಪಿನ ಬಾಡಿ, ವಾಲ್ವಿನ ಬಾಡಿ, ಇಂಥ ಬೀಡು ಕಬ್ಬಿಣದ ಎರಕ ನಮ್ಮ ಕೆಲಸ. ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ), ಸ್ಕ್ರ್ಯಾಪ್, ಫೆರೋ ಸಿಲಿಕಾನ್, ಸಿಲಿಕಾ ಮರಳು, ಬೆಂಟೊನೈಟ್, ಕೋಲ್ ಡಸ್ಟ್, ಎಲ್ಲಕ್ಕೂ ನನ್ನ ಸಹಿ ಬೇಕು. ಇದರಲ್ಲಿ ಸ್ಕ್ರ್ಯಾಪಿನದೇ ದೊಡ್ಡ ಆಟ. ಮರಾಠಿಯಲ್ಲಿ ಗುಜರಿಗೆ ಭಂಗಾರ ಅನ್ನುತ್ತಾರೆ. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ, ಅದನ್ನು ಸರಿಯಾಗಿ ಉಚ್ಚರಿಸುವವರು ನಮ್ಮಲ್ಲಿ ಕಡಿಮೆ.

ಕೋರ್ಸಿಗೆ ಹೋಗುವ ಮೊದಲಿನ ಮಾತು. ಹೊಸ ಡೀಲರ್ ಒಬ್ಬ ಕಿಲೋಗೆ 1 ರೂಪಾಯಿ 40 ಪೈಸೆ ಕಡಿಮೆ ಹೇಳಿದ. ಒಂಬತ್ತು ಟನ್ ಲಾರಿ, ಅಂದರೆ ಒಂದೇ ಲೋಡಿನಲ್ಲಿ 12,600 ರೂಪಾಯಿ ಉಳಿತಾಯ. ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್‌ನಲ್ಲಿ ಅವನ ಹೆಸರಿನ ಮುಂದೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ, ಅಂತ ಬರೆದು ಮಾಲು ತರಿಸಿದೆ. ಬಂಡಲ್‌ಗಳ ಮೇಲಿನ ಪದರ ಒಳ್ಳೆಯ ತಗಡು. ಒಳಗೆ ಸತು ಲೇಪಿಸಿದ ಜಿಐ ಶೀಟು ತುರುಕಿದ್ದರು. ಸತು 907 ಡಿಗ್ರಿಗೇ ಕುದಿಯುತ್ತದೆ, ನಮ್ಮ ಫರ್ನೇಸಿನಲ್ಲಿ ಕಬ್ಬಿಣ 1,500ರ ಆಸುಪಾಸು ಇರುತ್ತದೆ. ಚಾರ್ಜ್ ಹಾಕಿದ ಕೂಡಲೇ ಬಿಳಿ ಹೊಗೆ ಎದ್ದು ಶೆಡ್ಡಿನ ಚಾವಣಿಯೇ ಕಾಣದಾಯಿತು. ಅವತ್ತು ರಾತ್ರಿ ಮೆಲ್ಟಿಂಗಿನ ಇಬ್ಬರಿಗೆ ಗಡಗಡ ನಡುಗುವಷ್ಟು ಚಳಿ, ಜ್ವರ. ಸತುವಿನ ಹೊಗೆ ಕುಡಿದರೆ ಹಾಗಾಗುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ ಎಂದರು ಡಾಕ್ಟರು. ಜ್ವರ ಇಳಿಯಿತು. ಆದರೆ ಫರ್ನೇಸಿನ ಒಳಪದರ, ಅಂದರೆ ಲೈನಿಂಗ್, ಲೆಕ್ಕಕ್ಕಿಂತ ಮುಂಚೆ ಕೈಕೊಟ್ಟಿತು, ಒಂದೂವರೆ ಶಿಫ್ಟ್ ಹಾಳಾಯಿತು. ತಿಂಗಳ ಕೊನೆಯ ಮೀಟಿಂಗಿನಲ್ಲಿ ನನ್ನ 12,600 ರೂಪಾಯಿ 'ಪರ್ಚೇಸ್ ಸೇವಿಂಗ್' ಎಂಬ ಕಾಲಮ್ಮಿನಲ್ಲಿತ್ತು. ಲೈನಿಂಗ್ ಖರ್ಚು ಮೇಂಟೆನನ್ಸ್ ಕಾಲಮ್ಮಿನಲ್ಲಿತ್ತು. ಇಬ್ಬರ ಜ್ವರ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆ ಮೀಟಿಂಗಿನಲ್ಲಿ ನನಗೆ ಶಬ್ಬಾಸ್ ಸಿಕ್ಕಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಕೋರ್ಸು ನಾಲ್ಕು ತಿಂಗಳದ್ದು, ಶನಿವಾರ ಸಂಜೆ ಮತ್ತು ಭಾನುವಾರ ಬೆಳಗ್ಗೆ ಆನ್‌ಲೈನ್, ಕೊನೆಗೆ ನಮ್ಮ ಸ್ವಂತ ಕಂಪನಿಯ ಮೇಲೆ ಒಂದು ಪ್ರಾಜೆಕ್ಟ್. ಮೊದಲ ಕೆಲವು ವಾರ ನಿದ್ದೆ ಬರಿಸಿದವು. ವಸ್ತುಗಳನ್ನು ಲಾಭ ಮತ್ತು ಅಪಾಯದ ಮೇಲೆ ನಾಲ್ಕು ಚೌಕಕ್ಕೆ ಹಂಚುವ ಕ್ರಾಲ್ಜಿಕ್ ಚೌಕಟ್ಟು 1983ರಷ್ಟು ಹಳೆಯದು, ಅದನ್ನು ಯಾವ ಪರ್ಚೇಸ್ ಪುಸ್ತಕದಲ್ಲೂ ಓದಬಹುದು. ಐಎಸ್‌ಒ 20400 ಎಂಬುದು 2017ರಲ್ಲಿ ಬಂದ ಸುಸ್ಥಿರ ಖರೀದಿಯ ಮಾರ್ಗಸೂಚಿ. ಅದು ಮಾರ್ಗಸೂಚಿ ಮಾತ್ರ, 9001ರ ಹಾಗೆ ಸರ್ಟಿಫಿಕೇಟ್ ತೆಗೆದುಕೊಂಡು ರಿಸೆಪ್ಶನ್ನಿನ ಗೋಡೆಗೆ ಮೊಳೆ ಹೊಡೆಯಲು ಬರುವುದಿಲ್ಲ. ಯಾರಾದರೂ '20400 ಸರ್ಟಿಫಿಕೇಟ್ ಮಾಡಿಸಿಕೊಡತೀವಿ' ಎಂದು ಬಂದರೆ ಚಹಾ ಕುಡಿಸಿ ಕಳಿಸಿ.

ನನ್ನ ನಿದ್ದೆ ಬಿಟ್ಟದ್ದು ಒಟ್ಟು ಒಡೆತನದ ವೆಚ್ಚದ, ಅಂದರೆ ಕೊಂಡ ಬೆಲೆಯ ಜೊತೆ ಓಡಿಸುವ ಖರ್ಚನ್ನೂ ಎಣಿಸುವ, ಪಾಠಕ್ಕೆ. ಪಾಠ ಮಾಡುವವರು ಮೋಟರಿನ ಲೆಕ್ಕ ಹಾಕಿಸಿದರು. ಮರಳು ಘಟಕದಲ್ಲಿ 20 ಎಚ್‌ಪಿ, ಅಂದರೆ 15 ಕಿಲೋವ್ಯಾಟಿನ ಮೋಟರು, ವರ್ಷಕ್ಕೆ 6,000 ತಾಸು ಓಡುತ್ತದೆ ಅಂದುಕೊಳ್ಳಿ. ಐಇ2 ದರ್ಜೆಯ ನಾಲ್ಕು ಪೋಲಿನ ಮೋಟರಿನ ದಕ್ಷತೆ ಶೇ. 90.6, ಐಇ3ದು ಶೇ. 92.1. ಒಂದೂವರೆ ಪರ್ಸೆಂಟು, ಏನು ಮಹಾ ಅನಿಸುತ್ತದೆ. ಪೂರ್ತಿ ಲೋಡಿನಲ್ಲಿ ಅದು ವರ್ಷಕ್ಕೆ ಸುಮಾರು 1,600 ಯುನಿಟ್. ಯುನಿಟ್ಟಿಗೆ 8 ರೂಪಾಯಿ ಹಿಡಿದರೂ 12,800 ರೂಪಾಯಿ. ಇನ್ನೂ ದೊಡ್ಡ ಆಘಾತ ಬೇರೆಯೇ ಇತ್ತು. ಒಳ್ಳೆಯ ಮೋಟರೇ ವರ್ಷಕ್ಕೆ ಕುಡಿಯುವ ಕರೆಂಟು ಸುಮಾರು 98,000 ಯುನಿಟ್, ಅದೇ ದರದಲ್ಲಿ ಏಳೂ ಮುಕ್ಕಾಲು ಲಕ್ಷ ರೂಪಾಯಿಯ ಮೇಲೆ. ನಾನು ಕೊಟೇಶನ್ ಹಿಡಿದು ಎರಡು ಸಾವಿರ ಇಳಿಸಲು ಮೂರು ದಿನ ಫೋನು ಮಾಡುತ್ತಿದ್ದ ವಸ್ತು, ತನ್ನ ಬೆಲೆಯ ಎಷ್ಟೋ ಪಟ್ಟು ದುಡ್ಡನ್ನು ಪ್ರತಿ ವರ್ಷ ಗೋಡೆಯ ಸ್ವಿಚ್ಚಿನಿಂದ ಎಳೆದುಕೊಳ್ಳುತ್ತಿತ್ತು. ಮಾರನೆಯ ದಿನ ಶಾಪಿಗೆ ಹೋಗಿ ಮೋಟರ್‌ಗಳ ನೇಮ್‌ಪ್ಲೇಟ್ ಒರೆಸಿ ನೋಡುತ್ತ ಬಂದೆ. ಮೂರು ಮೂರು ಸಲ ರಿವೈಂಡ್ ಆದವು ಸಿಕ್ಕವು, ನೇಮ್‌ಪ್ಲೇಟೇ ಇಲ್ಲದವು ಎರಡು. ಎಲೆಕ್ಟ್ರಿಶಿಯನ್ ನನ್ನನ್ನು ನೋಡಿ "ಸಾಹೇಬ್ರ, ಏನರ ಕಳಕೊಂಡೀರೇನು?" ಎಂದ.

ಇವೆಲ್ಲ ಈಗ ಯಾಕೆ ಬೇಕಾದವು ಅಂದರೆ, ನಮ್ಮ ಗಿರಾಕಿಗಳಿಗೆ ಬೇಕಾಗಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೇಲಿನ 1,000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿತು. ನಿಮ್ಮ ಕಚ್ಚಾಮಾಲಿನಲ್ಲಿ ಸುಸ್ಥಿರವಾಗಿ ಖರೀದಿಸಿದ್ದು ಎಷ್ಟು ಪ್ರತಿಶತ ಎಂದು ಅದರಲ್ಲಿ ಕೇಳುತ್ತಾರೆ. ಅವರು ನಮಗೆ ಕೇಳುತ್ತಾರೆ, ನಾವು ನಮಗೆ ಮಾಲು ಕೊಡುವವರಿಗೆ ಕೇಳುತ್ತೇವೆ. ಯುರೋಪಿಗೆ ಮಾಲು ಕಳಿಸುವವರಿಗೆ ಇನ್ನೊಂದು ತಲೆನೋವು ಸಿಬ್ಯಾಮ್, ಗಡಿಯಲ್ಲಿ ಇಂಗಾಲಕ್ಕೆ ಹಾಕುವ ಶುಲ್ಕ. 2023ರ ಅಕ್ಟೋಬರ್ 1ರಿಂದ ಬರೀ ಲೆಕ್ಕ ಕೇಳುತ್ತಿದ್ದರು, 2026ರ ಜನವರಿ 1ರಿಂದ ಶುಲ್ಕದ ಹಂತ. ಎರಕದ ಎಲ್ಲ ಮಾಲೂ ಅದರೊಳಗೆ ಬರುವುದಿಲ್ಲ, ಮಾಲಿನ ಕಸ್ಟಮ್ಸ್ ಕೋಡ್ ನೋಡಬೇಕು. ಪೈಪ್ ಫಿಟ್ಟಿಂಗಿನ 7307 ಬರುತ್ತದೆ. ಬ್ಲಾಸ್ಟ್ ಫರ್ನೇಸಿನ ಪಿಗ್ ಐರನ್ ಒಂದು ಟನ್ ಆಗುವಾಗ ಹೆಚ್ಚುಕಡಿಮೆ ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿರುತ್ತದೆ. ಹಾಗಾಗಿ ಪಿಗ್ ಕಡಿಮೆ ಮಾಡಿ ಸ್ಕ್ರ್ಯಾಪ್ ಏರಿಸಿದರೆ ಇಂಗಾಲದ ಲೆಕ್ಕದಲ್ಲಿ ನಮಗೆ ಲಾಭ. ಮತ್ತೆ ಬಂದು ನಿಂತದ್ದು ಭಂಗಾರದ ಹತ್ತಿರವೇ. ಒಳಗೆ ಜಿಐ ಇಲ್ಲದ, ಮಳೆಗಾಲದಲ್ಲಿ ಒಣಗಿರುವ ಸ್ಕ್ರ್ಯಾಪ್ ಯಾರ ಹತ್ತಿರ ಇದೆ ಎಂದು ತಿಳಿದವನಿಗೆ ಬೆಲೆ ಬಂದಿದೆ. ಬೆಳಗಾವಿಯ ಜುಲೈ ತಿಂಗಳಲ್ಲಿ ಒಣ ಸ್ಕ್ರ್ಯಾಪ್ ಸಿಗುವುದು ಎಷ್ಟು ಕಷ್ಟ ಎಂಬುದನ್ನು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕರಗಿದ ಕಬ್ಬಿಣದೊಳಗೆ ಹಸಿ ಸ್ಕ್ರ್ಯಾಪ್ ಬಿದ್ದರೆ ಫರ್ನೇಸ್ ಕಾರುತ್ತದೆ.

ಈಗ ಪ್ರಾಜೆಕ್ಟಿನ ಕತೆ. ನಮ್ಮ ದೊಡ್ಡ ಗಿರಾಕಿಯೊಬ್ಬರು ಕಳಿಸಿದ ಪ್ರಶ್ನಾವಳಿ ಇತ್ತು, 68 ಪ್ರಶ್ನೆ, ಪೂರ್ತಿ ಇಂಗ್ಲಿಷಿನಲ್ಲಿ. ಅದನ್ನು ನಮ್ಮ ಜಾಬ್‌ವರ್ಕಿನವರಿಂದ, ಅಂದರೆ ನಮ್ಮ ಕೆಲಸದ ಒಂದೊಂದು ಭಾಗವನ್ನು ಹೊರಗೆ ಮಾಡಿಕೊಡುವ ಶೆಡ್ಡಿನವರಿಂದ, ತುಂಬಿಸಿಕೊಂಡು ಅಂಕ ಕೊಟ್ಟು, ಹಸಿರು, ಹಳದಿ, ಕೆಂಪು ಬಣ್ಣ ಬಳಿದು ಪ್ರಾಜೆಕ್ಟ್ ಒಪ್ಪಿಸೋಣ ಅಂದುಕೊಂಡೆ. ಮೊದಲು ಹೋದದ್ದು ನಮ್ಮ ಫೆಟ್ಲಿಂಗ್ ಮಾಡಿಕೊಡುವ ಶೆಡ್ಡಿಗೆ. ನಮ್ಮ ಗೇಟಿನಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಇಷ್ಟು ವರ್ಷ ಮಾಲು ಕಳಿಸಿದ್ದೆ, ಒಳಗೆ ಕಾಲಿಟ್ಟದ್ದು ಅವತ್ತೇ.

ಫೆಟ್ಲಿಂಗ್ ಅಂದರೆ ಎರಕಕ್ಕೆ ಅಂಟಿದ ಮರಳು, ಅಂಚಿನ ಹೆಚ್ಚುವರಿ ಕಬ್ಬಿಣ ಗ್ರೈಂಡ್ ಮಾಡಿ ತೆಗೆಯುವುದು. ಆರು ಜನ ಗ್ರೈಂಡರ್ ಹಿಡಿದು ಕೂತಿದ್ದರು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ದೂಳು ಎಷ್ಟು ದಟ್ಟವಾಗಿತ್ತೆಂದರೆ ಬಿಸಿಲನ್ನು ಕೈಯಿಂದ ಹಿಡಿಯಬಹುದು ಅನಿಸಿತು. ಮೂಗಿಗೆ ಕಟ್ಟಿದ್ದು ಕರ್ಚೀಪು. ನುಣ್ಣನೆ ಸಿಲಿಕಾ ದೂಳಿಗೆ ಕರ್ಚೀಪು ಅಡ್ಡಿಯೇ ಅಲ್ಲ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಗುಣವಾಗುವ ಕಾಯಿಲೆಯಲ್ಲ. ಕಾನೂನಿನಲ್ಲಿ, ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದು ಇದೆ.

ಶೆಡ್ಡಿನ ಮಾಲೀಕರು ಅರವತ್ತರ ಹತ್ತಿರದವರು. ಮೊದಲು ತಾವೇ ಗ್ರೈಂಡರ್ ಹಿಡಿದವರು. ನನ್ನ ಕಾಗದವನ್ನು ದೂರ ಹಿಡಿದು ನೋಡಿದರು, ಚಹಾ ತರಿಸಿದರು. ನಾನು 14ನೆಯ ಪ್ರಶ್ನೆ ಕನ್ನಡದಲ್ಲಿ ಹೇಳಿದೆ: ಕೆಲಸಗಾರರಿಗೆ ತಕ್ಕ ಮಾಸ್ಕ್ ಕೊಟ್ಟಿದ್ದೀರಾ?

"ಮಾಸ್ಕಿನ ಮಾತು ಆಮ್ಯಾಲೆ ಆಡೂಣ್ರಿ," ಎಂದರು. "ನಮ್ಮ ಜೂನ್ ಬಿಲ್ ಯಾವಾಗ ಬಿಡತೀರಿ?"

ಅದು ಅಕ್ಟೋಬರ್ ತಿಂಗಳು.

"ದೂಳು ಎಳಿಯೂ ಮಷೀನಿಗೆ ಕೊಟೇಶನ್ ತಂದು ವರ್ಷ ಆತು," ಎಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಕಾಗದ ತೆಗೆದು ತೋರಿಸಿದರು. "ನಿಮ್ಮ ರೊಕ್ಕದಾಗ ಇದು ಬರತೈತಿ. ನಿಮ್ಮ ರೊಕ್ಕ ಬರೂದಿಲ್ಲ."

ನಾನು ಪ್ರಶ್ನಾವಳಿ ಮಡಚಿ ಕಿಸೆಗೆ ಹಾಕಿಕೊಂಡೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಿತ್ತು ಆ 68 ಪ್ರಶ್ನೆ. ಆಫೀಸಿಗೆ ಬಂದು ಅಕೌಂಟ್ಸ್‌ನಿಂದ ಒಂದು ವರ್ಷದ ಪೇಮೆಂಟ್ ಪಟ್ಟಿ ತೆಗೆಸಿದೆ. ಬಿಲ್ ಪಾಸ್ ಆದ ದಿನದಿಂದ ದುಡ್ಡು ಹೋದ ದಿನದವರೆಗೆ ಎಣಿಸಿದೆ. ಪಿಗ್ ಐರನ್ ಕಂಪನಿಗೆ ಮುಂಗಡ. ದೊಡ್ಡ ಕೆಮಿಕಲ್ ಸಪ್ಲೈಯರ್‌ಗೆ 30 ದಿನ, ಯಾಕೆಂದರೆ ತಡವಾದರೆ ಅವರು ಮಾಲು ನಿಲ್ಲಿಸುತ್ತಾರೆ. ಜಾಬ್‌ವರ್ಕಿನ ಸಣ್ಣ ಶೆಡ್ಡುಗಳಿಗೆ ಸರಾಸರಿ 97 ದಿನ. ಯಾರಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯೋ ಅವರ ಹತ್ತಿರವೇ ನಾವು ಬಡ್ಡಿಯಿಲ್ಲದ ಸಾಲ ಎತ್ತುತ್ತಿದ್ದೆವು. ಆ ಪಟ್ಟಿಯ ಪ್ರತಿ ಪರ್ಚೇಸ್ ಆರ್ಡರ್ ಮೇಲೂ ನನ್ನ ಸಹಿ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರಿದ್ದರೂ 45 ದಿನ ದಾಟಿಸುವಂತಿಲ್ಲ, ದಾಟಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೆಲಸ ಕೊಡುವವನ ಮೇಲೆ ಬಡ್ಡಿ ಕೇಳಿ ಕೇಸು ಹಾಕುವ ಫೆಟ್ಲಿಂಗ್ ಮಾಲೀಕನನ್ನು ನಾನಂತೂ ನೋಡಿಲ್ಲ. ಸ್ವಲ್ಪ ಬಿಸಿ ಮುಟ್ಟಿಸಿದ್ದು 1961ರ ಆದಾಯ ತೆರಿಗೆ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ಎಂಬ ಕಲಮು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಅವಧಿ ಮೀರಿ ಬಾಕಿ ಉಳಿಸಿಕೊಂಡರೆ, ದುಡ್ಡು ಕೊಡುವವರೆಗೆ ಆ ಖರ್ಚನ್ನು ತೆರಿಗೆಯಲ್ಲಿ ತೋರಿಸಲು ಬರುವುದಿಲ್ಲ. ಶೆಡ್ಡಿನವರಿಗೆ ಸರ್ಕಾರದ ಉದ್ಯಮ್ ನೋಂದಣಿ ಇರಬೇಕು, ಅಷ್ಟೆ. ಬರೀ ವ್ಯಾಪಾರ ಮಾಡುವ ಸ್ಕ್ರ್ಯಾಪ್ ಡೀಲರ್‌ಗೆ ಇದು ಅನ್ವಯಿಸುವುದಿಲ್ಲ. ತಮಾಷೆಯೆಂದರೆ, ಸೆಬಿ 2023ರಲ್ಲಿ ತಂದ ಬಿಆರ್‌ಎಸ್‌ಆರ್ ಕೋರ್‌ನಲ್ಲಿ ದೊಡ್ಡ ಕಂಪನಿಗಳಿಗೂ ಇದೇ ಪ್ರಶ್ನೆ ಇದೆ: ನೀವು ಎಷ್ಟು ದಿನಕ್ಕೆ ಬಾಕಿ ತೀರಿಸುತ್ತೀರಿ? ಶೆಡ್ಡಿನ ಮಾಲೀಕರು ಆ ವರದಿ ಓದಿರಲಿಕ್ಕಿಲ್ಲ.

ನನ್ನ ಪ್ರಾಜೆಕ್ಟು ಆ 97 ದಿನದ ಮೇಲಾಯಿತು. ಪಾಠ ಮಾಡಿದವರಿಗೆ ಇಷ್ಟವಾಯಿತು, ನಮ್ಮ ಮಾಲೀಕರಿಗೆ ಅಷ್ಟಾಗಿ ಆಗಲಿಲ್ಲ. ಆಡಿಟರ್ 43ಬಿ(ಎಚ್) ಹೆಸರು ಹೇಳಿದ ಮೇಲೆ ಜಾಬ್‌ವರ್ಕಿನವರಿಗಷ್ಟೇ 45 ದಿನ ಒಪ್ಪಿದರು. ಶೆಡ್ಡಿನಲ್ಲಿ ಈಗ ದೂಳು ಎಳೆಯುವ ಯಂತ್ರ ಬಂದಿದೆ, ಆರರಲ್ಲಿ ನಾಲ್ಕು ಜಾಗಕ್ಕೆ ಪೈಪು ಮುಟ್ಟುತ್ತದೆ. ಎನ್95 ಮಾಸ್ಕ್ ಬಾಕ್ಸು ನಮ್ಮ ಸ್ಟೋರ್ಸ್‌ನಿಂದ ಹೋಗುತ್ತದೆ. ಸೆಖೆ ದಿನಗಳಲ್ಲಿ ಹುಡುಗರು ಅದನ್ನು ಕುತ್ತಿಗೆಗೆ ಇಳಿಸಿಕೊಂಡಿರುತ್ತಾರೆ. ಸ್ಕ್ರ್ಯಾಪಿಗೆ ಈಗ ಬಂಡಲ್ ಬಿಚ್ಚಿ ನೋಡದೆ ಮಾಲು ತಲುಪಿತೆಂಬ ಚೀಟಿ, ಅಂದರೆ ಜಿಆರ್‌ಎನ್ ಮಾಡುವುದಿಲ್ಲ, ಲಾರಿ ಡ್ರೈವರ್‌ಗಳು ಬಯ್ಯುತ್ತಾರೆ. 'ಪರ್ಚೇಸ್ ಸೇವಿಂಗ್' ಕಾಲಮ್ಮು ಮಾತ್ರ ಹಾಗೇ ಇದೆ.

ಯಾವ ಕೋರ್ಸು ಅಂತ ಕೇಳುವವರಿಗೆ: ಖರೀದಿಯ ಮೂಲಪಾಠವೇ ಆಗಿಲ್ಲದಿದ್ದರೆ ಐಐಎಂಎಂನ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್) ಡಿಪ್ಲೊಮಾ ನೋಡಿ, ಕೆಲಸ ಮಾಡುತ್ತಲೇ ಓದಬಹುದು. ದುಡ್ಡು ಹಾಕುವ ಮೊದಲು ರುಚಿ ನೋಡಬೇಕಿದ್ದರೆ ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಸಪ್ಲೈ ಚೈನ್ ಪಾಠಗಳು ಪುಕ್ಕಟೆ ಇವೆ, ಪರೀಕ್ಷೆಗೆ ಮಾತ್ರ ಫೀ. ವಿದೇಶಿ ಕಂಪನಿಗೆ ಹೋಗುವ ಆಸೆಯಿದ್ದರೆ ಬ್ರಿಟನ್ನಿನ ಸಿಐಪಿಎಸ್ ಅಥವಾ ಅಮೆರಿಕದ ಎಎಸ್‌ಸಿಎಂ ಸರ್ಟಿಫಿಕೇಟಿಗೆ ಬೆಲೆ ಇದೆ, ಖರ್ಚೂ ಅಷ್ಟೇ ಇದೆ. ಯಾವುದೇ ಇರಲಿ, ನಿಮ್ಮದೇ ಕಂಪನಿಯ ಮೇಲೆ ಪ್ರಾಜೆಕ್ಟ್ ಮಾಡಿಸದ ಕೋರ್ಸಿಗೆ ಫೀ ಕಟ್ಟಬೇಡಿ.

ಮೊನ್ನೆ ಇಂಜಿನಿಯರಿಂಗ್ ಮುಗಿಸಿ ಮಚ್ಛೆಯ ಒಂದು ಕಾರ್ಖಾನೆಯ ಪರ್ಚೇಸ್‌ಗೆ ಸೇರಿದ ಹುಡುಗ ಇದೇ ಪ್ರಶ್ನೆ ಹಿಡಿದು ಬಂದಿದ್ದ. ಫೀ ತುಂಬುವ ಮೊದಲು ನಿಮ್ಮ ಕಂಪನಿಯ ಒಂದು ವರ್ಷದ ಪೇಮೆಂಟ್ ಪಟ್ಟಿ ತೆಗೆದು ನೋಡಪ್ಪಾ, ಬಿಲ್ ತಾರೀಕು ಮತ್ತು ಪೇಮೆಂಟ್ ತಾರೀಕು ಎರಡೇ ಕಾಲಮ್ ಸಾಕು ಎಂದೆ. ನಿನ್ನೆ ಫೋನ್ ಮಾಡಿದ್ದ.

"ಅಕೌಂಟ್ಸ್‌ನವರು ಕೊಡಲಿಲ್ಲರೀ ಸರ್. ಇದನ್ನ ತಗೊಂಡು ನೀ ಏನ್ ಮಾಡತಿ ಅಂತ ಕೇಳಿದ್ರು."