ಬೋಲ್ಟಿಗಿ ಅಂಟಿದ ಚೂರು

ಇವತ್ತ ಟ್ರ್ಯಾಕ್ಟರ್ ಗೇರ್ ಆಯಿಲ್ ಬದಲಿ ಮಾಡ್ಸಲಿಕ್ಕ ಬೀದರ್‌ದ ನೌಬಾದ್ ಕಡಿ ಗ್ಯಾರೇಜಿಗಿ ಹೋಗಿದ್ದೆ. ಮೆಕ್ಯಾನಿಕ್ ಕಾಕಾ ಡ್ರೇನ್ ಬೋಲ್ಟ್ ಬಿಚ್ಚಿ ನನ್ನ ಕೈಯಾಗ ಇಟ್ರು, ತುದಿಗಿ ಮ್ಯಾಗ್ನೆಟ್, ಅದರ ತುಂಬ ಕಬ್ಬಿಣದ ಪುಡಿ ಸಣ್ಣ ಮುಳ್ಳಿನಂಗ ನಿಂತಿತ್ತು.
"ಪುಡಿ ಇದ್ರ ಚಿಂತಿಲ್ಲ ಬೇಟಾ, ಚೂರು ಬಂತಂದ್ರ ಗೇರ್ ತಿನ್ಲಿಕತ್ತದ ಅಂತ ತಿಳಕೋ" ಅಂದ್ರು.

ಅಷ್ಟರಾಗ ಮ್ಯಾಲ ಏರ್‌ಫೋರ್ಸಿನ ಹಾಕ್ ಅನ್ನೋ ತರಬೇತಿ ವಿಮಾನ ಗುಡುಗಿಕೊಂಡು ಹೋಯ್ತು, ನನಗ ಆಸ್ಪ್ರೇ ನೆನಪಾಯ್ತು. ಅಮೆರಿಕದವ್ರ ವಿ-22, ಹೆಲಿಕಾಪ್ಟರ್ ಹಂಗ ಏರಿ ಆಮ್ಯಾಲ ರೋಟರ್ ಮುಂದಕ್ಕ ಬಾಗಿಸಿ ವಿಮಾನದಂಗ ಹೋಗ್ತದಲ್ಲ, ಅದು. 2023ರ ನವೆಂಬರ್‌ದಾಗ ಜಪಾನಿನ ಯಾಕುಶಿಮಾ ಹತ್ರ ಸಮುದ್ರಕ್ಕ ಬಿದ್ದು 8 ಮಂದಿ ಹೋದ್ರು. ಗೇರ್‌ಬಾಕ್ಸಿನಾಗಿನ ಒಂದ್ ಹಲ್ಲಿನ ಚಕ್ರ ಬಿರುಕು ಬಿಟ್ಟಿತ್ತು. ಅದ್ರಾಗೂ ಇಂಥದೇ ಚೂರು ಹಿಡಿಯೋ ಸೆನ್ಸರ್ ಇರ್ತದ, ಒಂದಲ್ಲ ಎರಡಲ್ಲ, ಮತ್ತ ಮತ್ತ ಎಚ್ಚರಿಕಿ ಕೊಟ್ಟಿತ್ತು, ಆದ್ರೂ ಹಾರಿಸ್ಕೊಂಡೇ ಹೋದ್ರು. ಆಮ್ಯಾಲ ಮೂರ್ ತಿಂಗಳ ಅಮೆರಿಕದ ಎಲ್ಲಾ ಆಸ್ಪ್ರೇ ನೆಲಕ್ಕ ಕೂಡಿಸಿದ್ರು.

ನಮ್ ಟ್ರ್ಯಾಕ್ಟರ್ ಆದ್ರ ಹೊಲದಾಗ ನಿಂತು ಹೋಗ್ತದ, ಬೈಕೋತ ಮನಿಗಿ ನಡ್ಕೊಂಡ್ ಬರ್ಬಹುದು.

ಬೋಲ್ಟ್ ಒರೆಸೋವಾಗ ಎರಡ್ ಚೂರು ಸಿಕ್ವು. ಕಾಕಾ ಏನೂ ಅನ್ಲಿಲ್ಲ, ನಾನೂ ಕೇಳ್ಲಿಲ್ಲ.