ಮಗು ಉಸಿರೆಳೆಯುವವರೆಗೆ ಬಟನ್ ಒತ್ತಬೇಡಿ

ಚಿತ್ರದುರ್ಗದಲ್ಲಿ ಎಕ್ಸ್-ರೇ ಟೆಕ್ನಿಷಿಯನ್ ಆಗಿ ಸೇರಿದ ಹೊಸತು. ಚಳ್ಳಕೆರೆ ಕಡೆಯ ಹಳ್ಳಿಯಿಂದ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂದರು. ಮೂರು ದಿನದಿಂದ ಜ್ವರ, ಹಾಲು ಗುಟುಕರಿಸಿದರೂ ಅಳು. ಗಂಟಲ ಹಿಂದೆ ಕೀವು ಕಟ್ಟಿದೆಯೇನೋ ಎಂದು ಡಾಕ್ಟರು ಕುತ್ತಿಗೆಯ ಲ್ಯಾಟರಲ್ ಎಕ್ಸ್-ರೇ, ಅಂದರೆ ಪಕ್ಕದಿಂದ ತೆಗೆಯುವ ಚಿತ್ರ, ಬರೆದಿದ್ದರು.

ಮಗು ಕಿರುಚುತ್ತಿತ್ತು, ಗದ್ದ ಎದೆಗೆ ತಾಗಿತ್ತು. ಹೊರಗೆ ಜನ ಸಾಲು ನಿಂತಿದ್ದರು. ಮುಗಿಸಿಬಿಡೋಣ ಅಂತ ಬಟನ್ ಒತ್ತಿದೆ. ಕತ್ತಿನ ಮೂಳೆಗೂ ಉಸಿರಿನ ದಾರಿಗೂ ನಡುವಿನ ಭಾಗ ದಪ್ಪಗೆ ಉಬ್ಬಿ ಬಂತು. ಅದನ್ನು ನೋಡಿ ರಾತ್ರೋರಾತ್ರಿ ದಾವಣಗೆರೆಗೆ ಕಳಿಸಿದರು, ಹತ್ತಿರ ಹತ್ತಿರ 60 ಕಿಲೋಮೀಟರ್. ಅಲ್ಲಿ ಮತ್ತೆ ತೆಗೆದಾಗ ಉಬ್ಬೇ ಇರಲಿಲ್ಲ. ಬರೀ ಟಾನ್ಸಿಲ್ ಸೋಂಕು.

ತಪ್ಪು ನನ್ನದು. ಸಣ್ಣ ಮಕ್ಕಳಲ್ಲಿ ಆ ಜಾಗದ ಮಾಂಸ ಸಡಿಲ. ಅಳುತ್ತಾ ಉಸಿರು ಬಿಟ್ಟಾಗ, ಕತ್ತು ಬಗ್ಗಿದಾಗ ಅದು ಮುಂದಕ್ಕೆ ಉಬ್ಬುತ್ತದೆ; ಥೇಟ್ ಕೀವಿನ ಬಾವಿನಂತೆ. ಕತ್ತಿನ ಎರಡನೇ ಮೂಳೆಯ ಮಟ್ಟದಲ್ಲಿ ಅದರ ದಪ್ಪ 7 ಮಿಲಿಮೀಟರ್ ದಾಟಿದರೆ ಡಾಕ್ಟರುಗಳು ಅನುಮಾನ ಪಡುತ್ತಾರೆ. ಆ ಅಳತೆಗೆ ಬೆಲೆ ಬರುವುದು ಕತ್ತು ಸ್ವಲ್ಪ ಹಿಂದಕ್ಕೆ ಚಾಚಿ, ಉಸಿರು ಒಳಗೆಳೆದಾಗ ತೆಗೆದರೆ ಮಾತ್ರ.

ಈಗ ನಾನು ಮಗುವಿನ ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತೇನೆ. ಎಷ್ಟೇ ಅತ್ತರೂ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಅದು ಉಸಿರು ಎಳೆದುಕೊಳ್ಳಲೇಬೇಕು. ಹೊಟ್ಟೆ ಮೇಲೇಳುವ ಆ ಕ್ಷಣಕ್ಕೆ ಬೆರಳು ಕಾಯುತ್ತಿರುತ್ತದೆ. "ಅವ್ವಾ, ಎದುರಿಗೆ ನಿಂತು ಕೂಸನ್ನ ಕರೀರಿ, ತಲೆ ಎತ್ತಲಿ" ಅನ್ನುತ್ತೇನೆ. ತಾಯಿಗೆ ಎಕ್ಸ್-ರೇ ತಡೆಯುವ ಲೆಡ್ ಏಪ್ರನ್ ಹಾಕಿಸುತ್ತೇನೆ. ಬಸುರಿಯಾಗಿದ್ದರೆ ಬೇರೆಯವರು ಒಳಗೆ ಬರಬೇಕು.

ನಾಯಿ ಬೊಗಳಿದಂಥ ಕೆಮ್ಮು ಬರುವ ಕ್ರೂಪ್ ಎಂಬ ಉಸಿರಿನ ದಾರಿಯ ಊತಕ್ಕೆ ಸಾಮಾನ್ಯವಾಗಿ ಎಕ್ಸ್-ರೇಯೇ ಬೇಡ. ಉಸಿರಿನ ದಾರಿ ಪೆನ್ಸಿಲ್ ಮೊನೆಯಂತೆ ಚೂಪಾಗಿ ಕಾಣಬಹುದು, ಆದರೆ ಕ್ರೂಪ್ ಇದ್ದೂ ಹಾಗೆ ಕಾಣದ ಮಕ್ಕಳು ಬಹಳ. ಕಿವಿಯಲ್ಲಿ ಕೇಳಿದ ಕೆಮ್ಮೇ ರೋಗ ಹೇಳುತ್ತದೆ.

ಜೊಲ್ಲು ಸುರಿಸುತ್ತಾ, ಮುಂದಕ್ಕೆ ಬಾಗಿ ಕೂತು, ಉಸಿರಿಗೆ ಒದ್ದಾಡುವ ಮಗು ಬಂದರೆ ಚೀಟಿ ಇದ್ದರೂ ನಾನು ಟೇಬಲ್ ಮೇಲೆ ಮಲಗಿಸುವುದಿಲ್ಲ. ಅದು ಕಿರುನಾಲಿಗೆಯ ಕೆಳಗಿನ ಉಸಿರಿನ ಮುಚ್ಚಳ ಊದಿಕೊಂಡದ್ದಿರಬಹುದು. ಮಲಗಿಸಿದರೆ, ಅಳಿಸಿದರೆ ದಾರಿಯೇ ಮುಚ್ಚಿಹೋದೀತು. ಶಿಶುಗಳಿಗೆ ಹಾಕುವ ಪೆಂಟಾವಲೆಂಟ್ ಲಸಿಕೆ ಬಂದ ಮೇಲೆ ಈ ಕಾಯಿಲೆ ಅಪರೂಪ, ನಿಜ. ಆದರೂ ತಾಯಿ ತೊಡೆಯ ಮೇಲೇ ಇರಲಿ ಅಂತ ಹೇಳಿ ಡಾಕ್ಟರನ್ನು ಕರೆಯಲು ಓಡುತ್ತೇನೆ.

ಕೆಲವೊಮ್ಮೆ ಏನು ಮಾಡಿದರೂ ಮಗು ಸುಮ್ಮನಾಗುವುದಿಲ್ಲ. ಆಗ ಚೀಟಿಯ ಮೇಲೆ ಬರೆದು ಕಳಿಸುತ್ತೇನೆ: "ಅಳುವಾಗ ತೆಗೆದದ್ದು, ಕತ್ತು ಬಗ್ಗಿತ್ತು." ಆ ರಾತ್ರಿ ಫಿಲ್ಮ್ ಓದಿದವರಿಗೆ ಈ ಮಾತು ಯಾರೂ ಹೇಳಿರಲಿಲ್ಲ.